ನಂದಿ ಮರಕ್ಕೆ ಇಳಿಬಿಟ್ಟ ಗುಂಡು

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಪರ್ವರಿಯಿಂದ ಹೊರಟೆವು. ನಾನು ವೈರಿಂಗ್ ಕೆಲಸದವನು. ಜೊತೆಗೆ ನಮ್ಮ ಸೈಟಿನ ಗೌಂಡಿ ದಸ್ತಗೀರಣ್ಣ, ಅವರ ಹೆಂಡತಿ ಮಾಬೂಬಿ ಭಾಬಿ. ನನ್ನ ಹೆಗಲಲ್ಲಿ ಕೆಲಸದ ಚೀಲವಿತ್ತು, ರಜೆಯ ದಿನವೂ ಅದಿಲ್ಲದೆ ನನಗೆ ನಡೆಯಲು ಬರುವುದಿಲ್ಲ. ಭಾಬಿಯ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ ಇದ್ದವು. ಗಂಡನಿಗೆ ಕೊಡಬೇಕೆಂದು ಏಳು ತಿಂಗಳಿಂದ ಕಟ್ಟಿಟ್ಟುಕೊಂಡ ಬೈಗುಳವೂ ಜೊತೆಗಿತ್ತು.

ಮೊಲೆಂ ಕಾಡಿಗೆ ಆ ವರ್ಷ ಅದು ನನ್ನ ಮೂರನೆಯ ಸವಾರಿ. ಕಾಡು ನೋಡುವ ಹುಚ್ಚು ಎಂದು ಯಾರೂ ತಿಳಿಯಬೇಡಿ. ನಾವು ಹೋಗುತ್ತಿದ್ದದ್ದು ಒಂದು ಗುಂಡು ಹುಡುಕಲು. ಗೋಡೆ ನೆಟ್ಟಗೆ ಏಳುತ್ತಿದೆಯೇ ಎಂದು ನೋಡಲು ಗೌಂಡಿಗಳು ದಾರ ಕಟ್ಟಿ ಇಳಿಬಿಡುತ್ತಾರಲ್ಲ, ಆ ಹಿತ್ತಾಳೆ ಗುಂಡು. ತುದಿ ಚೂಪಾಗಿ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡದು. ಇಂಡಿ ಕಡೆ ಗೌಂಡಿಯಾಗಿದ್ದ ಅಪ್ಪನಿಂದ ಅದು ದಸ್ತಗೀರಣ್ಣನ ಕೈಗೆ ಬಂದಿತ್ತು.

ಅದು ಕಾಡು ಸೇರಿದ್ದಕ್ಕೆ ಅರ್ಧ ತಪ್ಪು ನನ್ನದು. ಮಾರ್ಚಿನಲ್ಲಿ, ಹೋಳಿಯ ಹೊತ್ತಿಗೆ ಬರುವ ಶಿಗ್ಮೋ ಹಬ್ಬಕ್ಕೆ ಸೈಟು ಬಂದ್ ಆಗಿತ್ತು. ನಾವಿಬ್ಬರೂ ಜನ ಹೋಗುತ್ತಿದ್ದ ಕಾಲುದಾರಿ ಹಿಡಿದು ಕಾಡಿನೊಳಗೆ ಹೊಕ್ಕೆವು. ಎಲೆ ಉದುರಿ, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. "ಕಾಡಿನ್ಯಾಗ ನೆಟ್ಟಗಿನ ಮರ ಒಂದೂ ಇರಂಗಿಲ್ಲ ಬಿಡ್ರಿ" ಎಂದೆ ನಾನು. ದಸ್ತಗೀರಣ್ಣ ಸುಣ್ಣ ಬಳಿದಂತಿದ್ದ ಒಂದು ನಂದಿ ಮರ ತೋರಿಸಿ, "ಇದು ನಾ ಕಟ್ಟಿದ ಕಂಬದಂಗ ಐತಿ, ನೋಡ್ತೀಯೇನ?" ಎಂದರು. ಸೋತವರು ಬಿರಿಯಾನಿ ತಿನ್ನಿಸಬೇಕು ಎಂದಾಯಿತು. ಅವರು ನನ್ನ ಹೆಗಲ ಮೇಲೆ ಹತ್ತಿ, ಮುರಿದ ಕೊಂಬೆಯ ಮೋಟಿಗೆ ದಾರ ಕಟ್ಟಿ, ಸದಾ ಜೇಬಿನಲ್ಲಿರುತ್ತಿದ್ದ ಗುಂಡು ಇಳಿಬಿಟ್ಟರು. ಅದು ತೂಗಾಡುವುದು ನಿಲ್ಲಲಿ ಎಂದು ಕಾಯುವಾಗ ಪೊದೆಯಿಂದ ಕಾಡುಕೋಣವೊಂದು ತಲೆ ಹೊರಹಾಕಿತು. ಆಮೇಲೆ ನಾವು ಓಡಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರು ಓದುತ್ತಾರೆ.

ಏಪ್ರಿಲ್, ಮೇನಲ್ಲಿ ಮಳೆಗೆ ಮೊದಲು ಸ್ಲ್ಯಾಬು ಮುಗಿಸುವ ಗಡಿಬಿಡಿ, ಒಂದು ದಿನವೂ ಬಿಡುವಿಲ್ಲ. ಜುಲೈಯಲ್ಲಿ ಇಬ್ಬರೂ ಛತ್ರಿ ಹಿಡಿದು ಹೋದೆವು. ಹಳ್ಳ ಕೆಂಪಾಗಿ ಉಕ್ಕುತ್ತಿತ್ತು, ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ನಾನು ನೋಡಿದ ಮಳೆಗಾಲದ ಕಾಡೆಂದರೆ ಗೇಟಿನಾಚೆಯ ಹಸಿರು ಮತ್ತು ನನ್ನ ಸಾಕ್ಸಿನೊಳಗೆ ಊಟ ಮಾಡುತ್ತಿದ್ದ ಎರಡು ಜಿಗಣೆ.

ಇಷ್ಟರಲ್ಲಿ ಗುಂಡಿನ ವಿಷಯ ಮನೆಯ ವಿಷಯವಾಯಿತು. ಇಪ್ಪತ್ತು ವರ್ಷ ಬಾಡಿಗೆ ಖೋಲಿಗಳಲ್ಲಿ ಕಳೆದ ಮೇಲೆ ದಂಪತಿ ಸಾವರ್ಡೆಯ ಅಂಚಿನಲ್ಲಿ ಸಣ್ಣದೊಂದು ಜಾಗ ಕೊಂಡಿದ್ದರು. ಊರಿನವರಿಗೆಲ್ಲ ಮನೆ ಕಟ್ಟಿಕೊಟ್ಟ ದಸ್ತಗೀರಣ್ಣ ತಮ್ಮ ಮನೆಯ ಬುನಾದಿಗೆ ಮಾತ್ರ, "ಅಪ್ಪನ ಗುಂಡ ಸಿಗಲಿ, ಆಮ್ಯಾಲ ನೋಡೋಣ" ಎಂದು ಕುಳಿತುಬಿಟ್ಟರು.

ಆ ಭಾನುವಾರ ಪಣಜಿಯಲ್ಲಿ ಬಸ್ಸು ಬದಲಿಸಿ ಫೋಂಡಾದಲ್ಲಿ ಇಳಿದು ಪಾವ್ ಭಾಜಿ ತಿಂದೆವು. ಚಹಾ ಕುಡಿಯುತ್ತ ಭಾಬಿ ನನ್ನ ಕಡೆ ತಿರುಗಿ, ಕಟ್ಟಿಟ್ಟ ಬೈಗುಳವನ್ನು ಬಿಚ್ಚಿದರು. "ಶಿವಣ್ಣ, ನೀ ಸಾಕ್ಷಿ ಇರು. ಇವತ್ತು ಸಿಕ್ರ ಚಲೋ. ಸಿಗದಿದ್ರ ನಾಳಿ ಮ್ಹಾಪ್ಸಾ ಬಜಾರದಾಗ ಹೊಸಾದು ತರೋದು, ಶುಕ್ರವಾರ ಬುನಾದಿ ತಗಿಯೋದು. ಇವರು ಹೂಂ ಅನ್ನಲಿ." ದಸ್ತಗೀರಣ್ಣ ಇನ್ನೊಂದು ಪಾವ್ ತರಿಸಿಕೊಂಡರು.

ಫೋಂಡಾದಿಂದ ಮೊಲೆಂಗೆ ಒಂದು ಗಂಟೆಯ ದಾರಿ. ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ, ಎದುರಿನಿಂದ ಘಟ್ಟ ಇಳಿದು ಬರುವ ಲಾರಿಗಳು. ಈ ಸಲ ಟಿಕೀಟು ತೆಗೆಸಿ, ದಾರಿ ತೋರಿಸುವವರನ್ನೂ ಜೊತೆಗೆ ಕರೆದುಕೊಂಡೆವು. ಹೆಸರು ಸುನಂದಾಬಾಯಿ, ಮೊಲೆಂನವರೇ, ಸೊಂಟದಲ್ಲಿ ಕತ್ತಿ. ಹೆದ್ದಾರಿಯ ಲಾರಿಯವರ ಜೊತೆ ಮಾತಾಡಿ ಕಲಿತ ಕನ್ನಡ ಅವರದು.

"ದಾರಿ ನನಗೆ ಬಾಯಿಪಾಠ" ಎಂದೆ ನಾನು ಜಂಬದಿಂದ. "ಎರಡನೇ ಹಳ್ಳ ದಾಟಿದ ಮ್ಯಾಲ ಒಂದು ಕೆಂಪು ಮರ. ಎಲಿ ಇಲ್ಲ, ಬರೇ ಹೂವು. ಅದರ ಮಗ್ಗಲಿಗೆ ನಂದಿ ಮರ."

ಸುನಂದಾಬಾಯಿ ಸೊಂಟಕ್ಕೆ ಕೈಕೊಟ್ಟು ನಕ್ಕರು. ಯಾಕೆ ನಕ್ಕರೆಂದು ಎರಡನೆಯ ಹಳ್ಳ ದಾಟಿದಾಗ ತಿಳಿಯಿತು. ಅಲ್ಲಿ ಕೆಂಪು ಎಂಬುದೇ ಇರಲಿಲ್ಲ. ಹುಲ್ಲು ಎದೆಮಟ್ಟ, ಬಳ್ಳಿಗಳು ಮರಗಳನ್ನು ಒಂದಕ್ಕೊಂದು ಹೊಲಿದುಬಿಟ್ಟಿದ್ದವು. ಎಳ್ಳು, ಜೋಳದ ಬಯಲಿನಲ್ಲಿ ಬೆಳೆದ ನಮಗೆ ಮರವೆಂದರೆ ಊರ ಮುಂದಿನ ಬೇವಿನ ಮರ. ಅದು ವರ್ಷವಿಡೀ ಒಂದೇ ಮುಖ ಇಟ್ಟುಕೊಂಡಿರುತ್ತದೆ. ಕಾಡಿನ ಮರ ವೇಷ ಬದಲಿಸುತ್ತದೆಂದು ನನಗೆ ಹೇಳಿದವರು ಯಾರು?

"ಹೂ ಶಿಗ್ಮೋದಾಗ ಬಂತು, ಹೋಯ್ತು" ಎಂದರು ಸುನಂದಾಬಾಯಿ. "ಈಗ ಹೂ ಕೇಳಬೇಡ. ಕಾಟೆ ನೋಡ." ಕಾಟೆ ಎಂದರೆ ಮುಳ್ಳು, ನನ್ನ ಕೆಂಪು ಮರವೆಂದರೆ ಬೂರುಗದ ಮರ. ಅದರ ಕಾಂಡಕ್ಕೆ ಮುಳ್ಳಿರುತ್ತದೆ. ಮುಳ್ಳು ಮಾತ್ರ ಹನ್ನೆರಡು ತಿಂಗಳೂ ಇದ್ದಲ್ಲೇ ಇರುತ್ತದೆ.

ಹೀಗೆ ತಲೆ ಎತ್ತಿ ಹೂವು ಹುಡುಕುವುದನ್ನು ಬಿಟ್ಟು, ತಲೆ ಬಗ್ಗಿಸಿ ಮುಳ್ಳು ಹುಡುಕಿದೆವು. ಚಿಟ್ಟೆಗಳು ಒದ್ದೆ ಮಣ್ಣಿನ ಮೇಲೆ ಗುಂಪುಗೂಡಿ ಕುಳಿತಿದ್ದವು. ಭಾಬಿ ಪ್ರತಿಯೊಂದು ಗುಂಪನ್ನೂ ನಿಂತು ನೋಡಿ, "ನೀವಿಬ್ಬರೂ ಇಂಥಾ ಕಡೆ ನನ್ನ ಬಿಟ್ಟು ಬಂದಿದ್ರಿ ಹೌದಿಲ್ಲ?" ಎಂದು ಇಬ್ಬರನ್ನೂ ಒಟ್ಟಿಗೆ ತರಾಟೆಗೆ ತೆಗೆದುಕೊಂಡರು. ಮೊದಲನೆಯ ಮುಳ್ಳಿನ ಮರದ ಪಕ್ಕ ಏನೂ ಇರಲಿಲ್ಲ. ಎರಡನೆಯದರ ಪಕ್ಕದಲ್ಲಿ, ಬಳ್ಳಿಯ ಮರೆಯಲ್ಲಿ, ಬೆಳ್ಳಗಿನ ಕಾಂಡ ಕಂಡಿತು. ಮೋಟೂ ಇತ್ತು. ಮೋಟಿನಲ್ಲಿ ಗೇಣುದ್ದದ ಕಪ್ಪು ದಾರ ಇತ್ತು. ಗುಂಡು ಇರಲಿಲ್ಲ.

"ನೈಲಾನ್ ದಾರ ಹಾಕ್ರಿ ಅಂತ ಎಷ್ಟು ಸಲ ಹೇಳೇನಿ" ಎಂದೆ. ಅಪ್ಪ ಹತ್ತಿಯ ದಾರ ಹಾಕುತ್ತಿದ್ದರು, ಮಗನೂ ಅದನ್ನೇ ಹಾಕಿದ್ದರು. ಮಳೆಗೆ ಅದು ಕೊಳೆತು ಹೋಗಿತ್ತು. ನಾಲ್ವರೂ ಮೊಣಕಾಲೂರಿ ತರಗೆಲೆ ಕೆದಕಿದೆವು. ಒಂದು ಗಂಟೆ ಕಳೆಯಿತು. ಸಿಕ್ಕಿದ್ದು ಬಸವನಹುಳು, ಕಲ್ಲು ಮತ್ತು ನನ್ನ ಬೆನ್ನುನೋವು. ದಸ್ತಗೀರಣ್ಣ ಬೇರಿನ ಮೇಲೆ ಕುಳಿತುಬಿಟ್ಟರು. ಅವರ ಮುಖ ನೋಡಿ ನನಗೆ ಬಹಳ ಕೆಡುಕೆನಿಸಿತು. ಆ ಪಂದ್ಯ ಕಟ್ಟಿದವನು ನಾನು.

ಭಾಬಿ ಮಾತ್ರ ಮೋಟನ್ನೇ ನೋಡುತ್ತ ನಿಂತಿದ್ದರು. "ರೀ, ದಾರ ಹರದ್ರ ಗುಂಡ ಎಲ್ಲಿ ಬೀಳತೈತಿ?"

"ನೆಟ್ಟಗ ಕೆಳಗ."

"ಮತ್ತ ಊರೆಲ್ಲಾ ಯಾಕ ಕೆದರಾಕತ್ತೀರಿ?"

ದಸ್ತಗೀರಣ್ಣ ಎದ್ದು ನಿಂತರು. ನನ್ನ ಚೀಲದಲ್ಲಿ ವೈರಿನ ಸುರುಳಿ ಇತ್ತು. ಭಾಬಿ ಸೊಂಟದಿಂದ ಖೋಲಿಯ ಕೀಲಿ ಗೊಂಚಲು ತೆಗೆದುಕೊಟ್ಟರು. ಮತ್ತೆ ನನ್ನ ಹೆಗಲು, ಮತ್ತೆ ಅವರ ಪಾದ. ಅದೇ ದಾರದ ತುಂಡಿನ ಪಕ್ಕದಿಂದ ವೈರು ಇಳಿಯಿತು. ಬಾಡಿಗೆ ಮನೆಯ ಕೀಲಿಗಳು ತೂಗಾಡಿ, ತೂಗಾಡಿ ನಿಂತವು. ಕೀಲಿ ತೋರಿಸಿದ ಕಡೆ ಎಲೆಯೂ ಇರಲಿಲ್ಲ, ಮಳೆ ಹೊತ್ತು ತಂದ ಕೆಂಪು ಮಣ್ಣಷ್ಟೇ. ಸುನಂದಾಬಾಯಿ ಕತ್ತಿಯ ತುದಿಯಿಂದ ಮೆಲ್ಲಗೆ ಅಗೆದರು. ನಾಲ್ಕು ಬೆರಳಿನ ಆಳಕ್ಕೆ 'ಟಣ್' ಎಂದಿತು. ಚೂಪು ತುದಿ ಕೆಳಗೆ ಮಾಡಿ, ಬಿದ್ದ ಹಾಗೆಯೇ ನೆಟ್ಟಗೆ ನಿಂತಿತ್ತು ಗುಂಡು.

ದಸ್ತಗೀರಣ್ಣ ಅದನ್ನು ಅಂಗಿಗೆ ಒರೆಸಿ, ಕಣ್ಣಿಗೊತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ರೊಟ್ಟಿ ಬಿಚ್ಚಿದೆವು. ಸುನಂದಾಬಾಯಿ ಚಟ್ನಿಗೆ ಮೂರು ಸಲ ಕೈ ಚಾಚಿದರು. ಊಟವಾದ ಮೇಲೆ, "ಪಂದ್ಯ ಬಾಕಿ ಐತ್ರಿ" ಎಂದು ನಾನು ನೆನಪಿಸಿದೆ. ವೈರಿನ ತುದಿಗೆ ಗುಂಡು ಕಟ್ಟಿ ನೋಡಿದರು. ನಂದಿ ಮರ ಎರಡು ಬೆರಳು ಓರೆಯಾಗಿತ್ತು.

"ಓರೆ ಐತಿ" ಎಂದರು ದಸ್ತಗೀರಣ್ಣ ಸಣ್ಣ ದನಿಯಲ್ಲಿ.

"ಓರೆ ಇದ್ರೂ ನಿಂತೈತಲ್ರಿ" ಎಂದರು ಭಾಬಿ. "ನೀವು ಗುಂಡಿಲ್ಲ ಅಂತ ಏಳು ತಿಂಗಳ ಕುಂತ್ರಿ."

ವೈರನ್ನು ಬಿಚ್ಚಿಕೊಂಡು ಗೇಟಿಗೆ ಬಂದಾಗ ಮೂರು ಗಂಟೆ. ಭಾಬಿ ಗುಂಡನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದರು, ಗಂಡನ ಕೈಗೆ ಕೊಡಲಿಲ್ಲ. ಬಂದ ದಾರಿಯ ಬಸ್ಸನ್ನೂ ಹತ್ತಗೊಡಲಿಲ್ಲ. ಸಾವರ್ಡೆ ಕಡೆಯ ಬಸ್ಸಿಗೆ ಕೈ ಮಾಡಿದರು.

ಅವರ ಜಾಗದಲ್ಲಿ ಮಳೆಗೆ ಬೆಳೆದ ಹುಲ್ಲು, ಒಂದು ಮೂಲೆಯಲ್ಲಿ ಕೆಂಪು ಚಿರೆಕಲ್ಲಿನ ರಾಶಿ. ದಸ್ತಗೀರಣ್ಣ ನಾಲ್ಕು ಮೂಲೆಗೂ ಓಡಾಡಿ, "ಶುಕ್ರವಾರ ಇಲ್ಲಿಂದ ಹಿಡಿಯೋಣು, ಇಲ್ಲ ಅಲ್ಲಿಂದ" ಎಂದು ಲೆಕ್ಕ ಹಾಕತೊಡಗಿದರು. ಭಾಬಿ ಸೆರಗಿನ ಗಂಟು ಬಿಚ್ಚಿ, ನನ್ನಿಂದ ಒಂದು ತುಂಡು ವೈರು ಈಸಿಕೊಂಡು, ಹುಲ್ಲಿನ ನಡುವೆ ಹೋಗಿ ನಿಂತರು. ಕೈ ಮುಂದೆ ಚಾಚಿ ಗುಂಡನ್ನು ಇಳಿಬಿಟ್ಟರು. ಅದು ಆಚೆ ಈಚೆ ಆಡಿ ನಿಂತಿತು.

"ಮನಿ ಬಾಗಲಾ ಇಲ್ಲಿ" ಎಂದರು.

ಇಷ್ಟು ವರ್ಷ ಸೈಟಿನಲ್ಲಿ ಎಲ್ಲರಿಗೂ ಹುಕುಂ ಮಾಡಿದ ಗೌಂಡಿ ಒಂದು ಗೂಟ ಹುಡುಕಿ ತಂದರು. ಹೆಂಡತಿಯ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಗುಂಡಿನ ತುದಿ ತೋರಿಸಿದಲ್ಲೇ ಅದನ್ನು ಹೊಡೆದರು.