ಶಹಾಪುರಪುರ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ರಜೆಯಲ್ಲಿ ಕೂಲಿಗೆ ಹೋಗಿ ಹತ್ತಿ ಬಿಡಿಸಿ ಓದಿದವಳು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹೆಮ್ಮೆಯೇ ಇದೆ.

ಎಂಎಸ್ಸಿ ಮುಗಿದ ಮೇಲೆ ಶಹಾಪುರದ ಒಂದು ಕಾಲೇಜಿನಿಂದ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಕರೆ ಬಂತು. ಒಂದು ಪಾಠ ಮಾಡಿ ತೋರಿಸಬೇಕು. ಮಕ್ಕಳಿಗೆ ತಿಳಿದರೆ ಕೆಲಸ, ಇಲ್ಲದಿದ್ದರೆ ವಾಪಸ್ ನಮ್ಮೂರು ಸುರಪುರದ ಬಸ್ಸು. ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕುಳಿತರು. ಡಿಎನ್‌ಎಯಲ್ಲಿ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಸೇರುವ ತುಣುಕುಗಳ ಪಾಠ. ಬೋರ್ಡಿನ ಮೇಲೆ ‘ಜಿಗಿಯುವ ಜೀನು’ ಎಂದು ಬರೆದೆ.

ಮುಂದಿನ ಸಾಲಿನ ಹುಡುಗಿ ಎದ್ದಳು. ಅವಳಪ್ಪ ಮದುವೆ ಮೆರವಣಿಗೆಗೆ ಕುದುರೆ ಕೊಡುವವರೆಂದು ಆಮೇಲೆ ತಿಳಿಯಿತು.

“ಮೇಡಂ, ಕುದುರಿ ಜಿಗಿತದ. ಜೀನು ಹ್ಯಾಂಗ ಜಿಗಿತದರಿ?”

ನಮ್ಮ ಕಡೆ ಜೀನು ಎಂದರೆ ಕುದುರೆಯ ಬೆನ್ನಿಗೆ ಕಟ್ಟುವ ತಡಿ.

“ಸಡ್ಲ ಕಟ್ಟಿದ್ರ ಜಿಗಿತದ, ಮದುಮಗನ್ನೂ ಕರ್ಕೊಂಡು,” ಎಂದಳು ಪಕ್ಕದವಳು. ಕ್ಲಾಸೆಲ್ಲ ನಕ್ಕಿತು. ಪ್ರಾಂಶುಪಾಲರು ನಗಲಿಲ್ಲ.

ಬರೆದದ್ದನ್ನು ಒರೆಸಿ ‘ಶಹಾಪುರ’ ಎಂದು ಬರೆದೆ, ಮೇಲೊಂದು ಕೆಳಗೊಂದು.

“ಇವು ಡಿಎನ್‌ಎದ ಎರಡು ಎಳಿ ಅನ್ಕೋರಿ. ಹೊಸ ತುಣುಕು ಸೇರಬೇಕಂದ್ರ ಕತ್ತರಿ ಬೀಳಬೇಕು. ಆದ್ರ ಒಂದೇ ನೇರಕ್ಕ ಬೀಳಂಗಿಲ್ಲ. ಮ್ಯಾಲಿನ ಎಳಿ ‘ಪುರ’ದ ಮುಂಚೆ, ಕೆಳಗಿಂದು ‘ಪುರ’ ಆದಮ್ಯಾಲ.”

ಹೀಗೆ ಒಂಟಿ ಎಳೆಯ ‘ಪುರ’ ಎರಡೂ ಬದಿಗೆ ಉಳಿಯುತ್ತದೆ. ನಡುವೆ ತುಣುಕು ಕೂರುತ್ತದೆ. ಆ ಎರಡೂ ಒಂಟಿ ‘ಪುರ’ಕ್ಕೆ ಜೀವಕೋಶ ಜೋಡಿ ಎಳೆಯನ್ನು ತುಂಬುತ್ತದೆ. ಬರೆದು ತೋರಿಸಿದೆ: ಶಹಾಪುರ, ತುಣುಕು, ಪುರ.

“ಅದು ಎದ್ದು ಹೋದ್ರ ಮೊದ್ಲಿನಂಗ ಆಗ್ತದೇನ್ರಿ?” ಕುದುರೆಯವರ ಮಗಳು ಕೇಳಿದಳು.

“ಬಾಳ ಸಲ ಆಗಂಗಿಲ್ಲ,” ಎಂದು ತುಣುಕನ್ನಷ್ಟೇ ಒರೆಸಿದೆ. ಬೋರ್ಡಿನ ಮೇಲೆ ‘ಶಹಾಪುರಪುರ’ ಉಳಿಯಿತು.

“ಬಸ್ಸಿಗಿ ಹಂಗ ಬರದ್ರ ಯಾರೂ ಹತ್ತಂಗಿಲ್ಲರಿ.”

“ಹಂಗೇ. ಜೀವಕೋಶಕ್ಕೂ ಕೆಲವೊಮ್ಮಿ ಓದಾಕ ಬರಂಗಿಲ್ಲ. ಆ ಜೀನು ಕೆಲಸ ಬಿಡ್ತದ.”

ಪ್ರಾಂಶುಪಾಲರು ಎದ್ದು ಕುದುರೆಯವರ ಮಗಳನ್ನು ಕೇಳಿದರು. “ಏನ್ ತಿಳೀತವ್ವ, ಹೇಳು.”

“ಬರುವಾಗ ಒಂದಿದ್ದದ್ದು ಎರಡು ಮಾಡ್ತದ್ರಿ, ಹೋಗುವಾಗ ಎರಡೂ ಬಿಟ್ಟು ಹೋಗ್ತದ.”

ಅವರು ನನ್ನ ಕಡೆ ತಿರುಗಿದರು. “ಸೋಮವಾರದಿಂದ ಬರ್ರಿ.”

ಬಸ್‌ಸ್ಟ್ಯಾಂಡಿನಿಂದ ಅವ್ವನಿಗೆ ಫೋನ್ ಮಾಡಿದೆ.

“ನೌಕ್ರಿ ಸಿಕ್ತವ್ವ.”

“ಖಾಯಂ ಏನು?”

“ಇಲ್ಲ. ಅತಿಥಿ ಉಪನ್ಯಾಸಕಿ.”

“ಅತಿಥಿ ಅಂದಮ್ಯಾಲ ಚಾ ಆದ್ರೂ ಕೊಡ್ತಾರಿಲ್ಲ?”