ಹೊಳೆಗೆ ಬಿದ್ದ ಕಾರಿನ ಬಾಗಿಲು

ಸಾಗರದ ಆ ಗುಜರಿಯವನು ಹಳೇ ಕಾರಿನ ಸಾಮಾನು ಮಾರುವಾಗ ಮೊದಲು ಅದರ ದೋಷ ಹೇಳುತ್ತಿದ್ದ. "ಸುಳ್ಳು ಹೇಳಿ ಮಾರಲ್ಲ ಮಾರಾಯಾ" ಎಂದು ಅವನು ರಾಗ ಎಳೆಯುವುದನ್ನು ನಾನು ಊರಿಗೆಲ್ಲ ಅಣಕಿಸಿ ತೋರಿಸುತ್ತಿದ್ದೆ. ಕರೆಂಟು ಕಂಬಕ್ಕೆ ಗುದ್ದಿ ನನ್ನ ಕಾರಿನ ಬಾಗಿಲು ಹಪ್ಪಳವಾದಾಗ, "ಕಂಬಕ್ಕಾದ್ರೂ ಬುದ್ಧಿ ಬೇಡ್ವಾ?" ಎಂದು ನಕ್ಕು ಬಿಳಿ ಬಾಗಿಲೊಂದನ್ನು ತೋರಿಸಿದ.

"ಹೊಳೆಗೆ ಬಿದ್ದ ಗಾಡೀದು. ಒಳಗಿನ ಹ್ಯಾಂಡಲ್ ಜಾಮ್ ಆಗಿದೆ."

ಅಷ್ಟರಲ್ಲಿ ನಿಟ್ಟೂರಿನಿಂದ ಒಬ್ಬರು ಬಂದರು. ಆ ಕಾರಿನಲ್ಲಿ ಮುಳುಗಿ ಸತ್ತ ಹುಡುಗನ ಅಪ್ಪ.

"ಈ ಬಾಗಿಲು ಒಳಗಿಂದ ತೆಗೀಲಿಕ್ಕೆ ಬರ್ತಿತ್ತಾ?" ಎಂದು ಕೇಳಿದರು.

"ಸಲೀಸಾಗಿ ಬರ್ತಿತ್ತು ಅಣ್ಣಾ. ಬಿದ್ದ ಪೆಟ್ಟಿಗೇ ಎಚ್ಚರ ತಪ್ಪಿರ್ಬೇಕು. ಒದ್ದಾಡಿಲ್ಲ ಅಂವ."

ಅವರು ಹ್ಯಾಂಡಲ್‌ನತ್ತ ಕೈ ಚಾಚಿದರು. ಗುಜರಿಯವನು ಆ ಕೈ ಹಿಡಿದುಕೊಂಡ.

"ತಗಡು ಕೊಯ್ತದೆ, ಮುಟ್ಬೇಡಿ" ಎಂದವನು ಬಸ್‌ಸ್ಟ್ಯಾಂಡಿನವರೆಗೂ ಆ ಕೈ ಬಿಡಲಿಲ್ಲ.