ಬಾವಿಯ ಮೂಡಲಿಗೆ

ತೊಗರಿ ಕಟ್ಟಿಗೆ ಕಿತ್ತು ಕಿತ್ತು ದೊಡ್ಡವ್ವನ ಬೆರಳ ತುದಿಗಳು ಸೀಳಿದ್ದವು. ಹೊಲ ನಮ್ಮದಾಗಿದ್ದ ಕೊನೆಯ ದಿನವೂ ಆ ಬೆರಳುಗಳಿಂದಲೇ ದೊಡ್ಡಪ್ಪನ ಸಮಾಧಿಗೆ ಹಾಸಿದ ಪರಸಿ ಕಲ್ಲನ್ನು ತೊಳೆದು ವಿಭೂತಿ ಹಚ್ಚಿದಳು. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಕಲ್ಲಿನ ಮೇಲೆ ಹೆಸರು ಕೊರೆಸುವುದಿಲ್ಲ. ಮನೆಯವರಿಗೆ ಗೊತ್ತೇ ಇರುತ್ತದೆ. ಪ್ರತಿ ಸೋಮವಾರ ಅವಳು ರೊಟ್ಟಿ ಕಟ್ಟಿಕೊಂಡು ಹೋಗಿ, ಅಲ್ಲೇ ಉಂಡು, ಮನೆಯ ಜಗಳಗಳನ್ನೆಲ್ಲ ದೊಡ್ಡಪ್ಪನಿಗೆ ಹೇಳಿ ಬರುತ್ತಿದ್ದಳು.

"ನಾ ಸತ್ತರ ಇಲ್ಲೇ, ಅವರ ಬಾಜೂಕ ಕುಂದ್ರಸ್ರಿ," ಎನ್ನುತ್ತಿದ್ದಳು.

"ಸಮಾಧಿ ಇದ್ದ ಮೂಲಿ ಬಿಡ್ತಾರ್ರಿ ಆಯಿ, ಚಿಂತಿ ಮಾಡಬ್ಯಾಡ್ರಿ," ಎಂದಿದ್ದ ಹೊಲವನ್ನು ಸಿಮೆಂಟು ಕಂಪನಿಗೆ ಕೊಡಿಸಿದ ದಲ್ಲಾಳಿ. ಮನೆಯ ಹಿರಿಯರು ಆ ಮಾತನ್ನೇ ನಂಬಿ ರುಜು ಹಾಕಿದರು. ಸಿಮೆಂಟಿನ ಗಣಿ ಮೂಲೆ ಬಿಡಲಿಲ್ಲ. ತಂತಿಬೇಲಿ ಬಿತ್ತು. ಅವಳ ಸೋಮವಾರಗಳು ನಿಂತವು.

ಎಷ್ಟೋ ವರ್ಷಗಳ ಮೇಲೆ, ಹೈಸ್ಕೂಲಿನ ಹಳೆಯ ಸಾಮಾನು ಹೊರಹಾಕುವಾಗ ನಮ್ಮ ಭಾಗದ ಒಂದು ಸರ್ವೆ ನಕ್ಷೆ ನನಗೆ ಸಿಕ್ಕಿತು. ಶಹಾಬಾದ್, ವಾಡಿಯ ರೈಲುಹಳಿ, ಸೇಡಂ ಹತ್ತಿರ ಕಾಗಿಣಾ, ಚಿಂಚೋಳಿ ಕಡೆಯ ಹಸಿರು. ನಮ್ಮೂರ ಬಂಡಿದಾರಿಗಳು, ಹಳ್ಳ ಇದ್ದವು; ನಮ್ಮ ಹೊಲದ ಬಾವಿಯೂ ಒಂದು ನೀಲಿ ಚುಕ್ಕೆಯಾಗಿ ಇತ್ತು.

"ಇದ್ರಾಗ ಫ್ಯಾಕ್ಟ್ರಿ ಎಲ್ಲದ?" ನಕ್ಷೆ ತೋರಿಸಿದಾಗ ದೊಡ್ಡವ್ವ ಕೇಳಿದಳು.

"ಹಳೇದು ದೊಡ್ಡವ್ವ. ಫ್ಯಾಕ್ಟ್ರಿ ಇಲ್ಲ."

"ಹಂಗಾದ್ರ ಭಾಳ ಛಲೋ ನಕ್ಷಾ."

ಸಮಾಧಿ ಬಾವಿಯ ಮೂಡಲಿಗೆ, ಹಳ್ಳದ ತಿರುವಿಗೆ ಎದುರಾಗಿತ್ತು. ಹಳ್ಳ ಇನ್ನೂ ಇತ್ತು. ಅದರ ಗುರುತಿನಿಂದ ಜಾಗ ಹುಡುಕಬಹುದೆಂದು ಅವಳನ್ನು ಕರೆದುಕೊಂಡು ಹೋದೆ. ಬೇಲಿಯ ಹತ್ತಿರ ಕಾವಲುಗಾರ ತಡೆದ.

"ಎಲ್ಲಿ ಹೊಂಟ್ರಿ ಆಯಿ?"

"ನಮ್ಮ ಮನ್ಯಾವ್ರು ಒಳಗ ಕುಂತಾರಪ್ಪ."

"ಯಾವ ಶಿಫ್ಟ್‌ರಿ?"

ಬೇಲಿಯ ಹೊರಗೇ ನಿಂತು ನಾನು ನಕ್ಷೆ ತಿರುಗಿಸಿ, ತಿರುವಿಗೆ ಹೊಂದಿಸಿ, ಬೆರಳು ತೋರಿಸಿದೆ. ಜಾಗ ಸಿಕ್ಕಿತು, ನೆಲ ಇರಲಿಲ್ಲ. ಕೆಳಗೆ ಬಹಳ ಆಳದಲ್ಲಿ ಟಿಪ್ಪರ್ ಒಂದು ಸುತ್ತಿ ಸುತ್ತಿ ಇಳಿಯುತ್ತಿತ್ತು.

"ಅಲ್ಲಿ ಬರೇ ಗಾಳಿ ಅದಲ್ಲೋ," ಎಂದಳು. ಟಿಪ್ಪರಿನ ಕಡೆ ನೋಡುತ್ತ, "ಸಿಮೆಂಟಿನಾಗ ಹೋಗ್ಯಾರ. ಯಾರ ಮನಿ ಗ್ವಾಡ್ಯಾಗ ಕುಂತಾರೋ ಏನೋ," ಎಂದಳು.

ಹೋದ ವರ್ಷ ಅವಳು ತೀರಿಕೊಂಡಳು. ಊರಲ್ಲಿ ನಮ್ಮದೆನ್ನುವ ಒಂದು ಗುಂಟೆಯೂ ಉಳಿದಿರಲಿಲ್ಲ. ವಾಡಿಯ ರುದ್ರಭೂಮಿಯಲ್ಲಿ, ಗುರುತಿಲ್ಲದವರ ನಡುವೆ ಕೂರಿಸಿದೆವು. ಅವಳ ಪಕ್ಕದಲ್ಲಿ ದೊಡ್ಡಪ್ಪ ಇಲ್ಲ.